ಬಾಗಿನದ ಮೊರ, ಅಜ್ಜಿಯ ಮೊರ

ಬಡಾಯಿ ಕೊಚ್ಚುವುದು ನನ್ನ ಹಳೇ ಕಾಯಿಲೆ. ಅದಕ್ಕೆ ಮದ್ದಿಲ್ಲವೆಂದು ನನ್ನ ಗಂಡ, ಸ್ವತಃ ಡಾಕ್ಟರು, ಮದುವೆಯಾದ ಮೊದಲ ವರ್ಷವೇ ಕೈಚೆಲ್ಲಿಬಿಟ್ಟಿದ್ದರು. ಆ ಕಾಯಿಲೆ ಒಂದು ಮಗುವಿನ ಬಾಯಿ ಮುಚ್ಚಿಸಿದ್ದು, ಆಮೇಲೆ ಆ ಬಾಯಿ ಮತ್ತೆ ತೆರೆಯಲೆಂದು ನಾನು ಪಟ್ಟ ಪಾಡು, ಇಷ್ಟು ವರ್ಷವಾದರೂ ನನಗೆ ಮರೆತಿಲ್ಲ. ಮರೆಯಬಾರದೆಂದೇ ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಸೌತ್ ಕ್ಯಾರೊಲೈನಾದ ಕಡಲಂಚಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನನ್ನ ಗಂಡನಿಗೆ ಕೆಲಸ. ಇಡೀ ಊರಿಗೆ ಕನ್ನಡದ ಮನೆ ನಮ್ಮದೊಂದೇ. ತೊಗರಿಬೇಳೆ, ಹುಣಸೆಹಣ್ಣು ಬೇಕೆಂದರೆ ಅಟ್ಲಾಂಟಾದವರೆಗೆ ಐದು ಗಂಟೆ ಡ್ರೈವ್ ಮಾಡಬೇಕು. ನನಗೆ ಕೆಲಸವಿರಲಿಲ್ಲ, ಮಾತಾಡಲು ಜನರಿರಲಿಲ್ಲ. ಇದ್ದವಳು ಮೂರನೇ ಕ್ಲಾಸಿನ ಮಗಳು. ನಾನು ಕನ್ನಡದಲ್ಲಿ ಒಂದು ಪುಟದಷ್ಟು ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದು ಪದ ಉತ್ತರ ಕೊಡುತ್ತಿದ್ದಳು.

ಒಂದು ದಿನ ಅವಳ ಬ್ಯಾಗಿನಲ್ಲಿ ಟೀಚರಿನ ಚೀಟಿ ಬಂತು. ಮೂರನೇ ಕ್ಲಾಸಿನಲ್ಲಿ ರಾಜ್ಯದ ಇತಿಹಾಸ ಕಲಿಸುತ್ತೇವೆ. ಈ ಸಲ ಅಕ್ಕಿಯ ಇತಿಹಾಸವನ್ನು ಮಕ್ಕಳ ಕೈಯಿಂದಲೇ ಮಾಡಿಸಬೇಕೆಂದಿದ್ದೇನೆ, ಭತ್ತದಿಂದ ಹಿಡಿದು ಅನ್ನದವರೆಗೆ. ಈ ಕೆಲಸ ಬಲ್ಲ ಅಪ್ಪ ಅಮ್ಮಂದಿರು ಇದ್ದರೆ ಬನ್ನಿ ಎಂದಿತ್ತು. ಭತ್ತ ಎನ್ನುವ ಮಾತು ನೋಡಿದ್ದೇ ನನ್ನ ಕಿವಿ ನಿಮಿರಿತು. ಮಾರನೇ ದಿನವೇ ಸ್ಕೂಲಿಗೆ ಹೋಗಿ ಟೀಚರಿನ ಎದುರು ಕೂತೆ.

ಟೀಚರು ಐವತ್ತು ದಾಟಿದ ಕಪ್ಪು ಹೆಂಗಸು. ಎತ್ತರದ ಆಳು, ಕತ್ತಿನಲ್ಲಿ ಸರಕ್ಕೆ ಪೋಣಿಸಿದ ಕನ್ನಡಕ. ಆ ಸ್ಕೂಲಿನಲ್ಲಿ ಅರ್ಧದಷ್ಟು ಮಕ್ಕಳು ಕಪ್ಪು ಜನರವರು, ಕಪ್ಪು ಟೀಚರುಗಳು ಮಾತ್ರ ಬೆರಳೆಣಿಕೆಯಷ್ಟು. ಆಕೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

“ಫೆಬ್ರವರಿ ನಮ್ಮ ಕಪ್ಪು ಜನರ ಇತಿಹಾಸದ ತಿಂಗಳು. ಅದು ಬಂದರೆ ಗೋಡೆಗೆ ನಾಲ್ಕು ದೊಡ್ಡವರ ಪಟ ಅಂಟಿಸುತ್ತೇವೆ. ಮಾರ್ಚ್ ಒಂದನೇ ತಾರೀಕು ಕಿತ್ತು ಡಬ್ಬದಲ್ಲಿಡುತ್ತೇವೆ. ದೊಡ್ಡವರೆಂದರೆ ಪಟದಲ್ಲಿರುವವರು ಅಂತ ನನ್ನ ಮಕ್ಕಳು ತಿಳಿದುಬಿಟ್ಟಿದ್ದಾರೆ. ತಮ್ಮ ಅಡುಗೆಮನೆಯಲ್ಲಿರುವವರ ಕೈಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿಲ್ಲ.”

ಆ ಕಡಲತೀರದ ನದಿಗಳ ಪಕ್ಕದಲ್ಲೆಲ್ಲ ಒಂದು ಕಾಲಕ್ಕೆ ಭತ್ತದ ಗದ್ದೆಗಳೇ ಇದ್ದವಂತೆ. ಪಶ್ಚಿಮ ಆಫ್ರಿಕಾದಿಂದ ಗುಲಾಮರನ್ನಾಗಿ ಹಿಡಿದು ತಂದವರಲ್ಲಿ ತಲೆತಲಾಂತರದಿಂದ ಭತ್ತ ಬೆಳೆದ ಜನರಿದ್ದರು. ಏರಿ ಕಟ್ಟಿ, ತೂಬು ಇಟ್ಟು, ಸಮುದ್ರದ ಉಬ್ಬರಕ್ಕೆ ನದಿ ನೀರು ಏರಿದಾಗ ಗದ್ದೆಗೆ ಬಿಟ್ಟು, ಇಳಿದಾಗ ಬಸಿದು ಬೆಳೆ ತೆಗೆದದ್ದು ಅವರ ಕೈ, ಅವರ ತಲೆ. ಮಕ್ಕಳ ಪುಸ್ತಕದಲ್ಲಿ ಮಾತ್ರ ಜಮೀನುದಾರರು ಭತ್ತ ಬೆಳೆದರು, ಗುಲಾಮರು ದುಡಿದರು ಅಂತ ಒಂದೂವರೆ ಸಾಲು. ನಾನೂ ಒಂದು ಪದವಿ ಪಡೆದವಳು. ಇದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ.

“ಭತ್ತ ಕುಟ್ಟಲು ಮರದ ಒರಳು ನನ್ನ ತಮ್ಮ ಮಾಡಿಕೊಡುತ್ತಾನೆ. ಆದರೆ ಕೇರುವುದು ನನಗೆ ಬರುವುದಿಲ್ಲ. ನಾನು ಪಟ್ಟಣದಲ್ಲಿ ಬೆಳೆದವಳು. ನಿಮಗೆ ಬರುತ್ತದೆಯೇ?” ಎಂದು ಟೀಚರು ಕೇಳಿದರು.

“ಬರುತ್ತದೆಯೇ ಅಂದರೆ! ನಮ್ಮಪ್ಪನಿಗೆ ಮಂಡ್ಯದ ಕಡೆ ಅಕ್ಕಿ ಗಿರಣಿ ಇತ್ತು. ಮೂರು ತಲೆಮಾರಿನಿಂದ ನಾವು ಭತ್ತದವರು. ನಾನು ಮೊರದ ಸದ್ದು ಕೇಳಿಯೇ ಬೆಳಗ್ಗೆ ಏಳುತ್ತಿದ್ದೆ” ಎಂದೆ.

ಒಂದೂ ಸುಳ್ಳಲ್ಲ. ಗಿರಣಿ ಇತ್ತು, ಮೊರದ ಸದ್ದೂ ಇತ್ತು. ಆದರೆ ಆ ಮೊರ ಹಿಡಿದವರು ಕೂಲಿಗೆ ಬರುತ್ತಿದ್ದ ಹೆಂಗಸರು. ಅವರು ಬಿಸಿಲಿನಲ್ಲಿ ಸಾಲಾಗಿ ನಿಂತು ಕೇರುವಾಗ ನಾನು ನೆರಳಿನ ಕಟ್ಟೆಯ ಮೇಲೆ ಕಾಲಾಡಿಸುತ್ತ ಕಡಲೆಕಾಯಿ ತಿನ್ನುತ್ತಿದ್ದೆ. ಜೀವಮಾನದಲ್ಲಿ ಒಮ್ಮೆಯೂ ಕೇರಿದವಳಲ್ಲ. ಕಂಡದ್ದೆಲ್ಲ ಬಂದಂತೆಯೇ ಎಂದು ನಾನು ನಿಜವಾಗಿಯೂ ನಂಬಿದ್ದೆ. ನಮ್ಮಂಥವರಿಗೆ ಇದೊಂದು ರೋಗ. ಮನೆಯಲ್ಲಿ ಯಾರೋ ಮಾಡುತ್ತಿದ್ದ ಕೆಲಸವೆಲ್ಲ ಪರದೇಶಕ್ಕೆ ಬಂದ ಕೂಡಲೇ ನಮ್ಮ ಸಂಸ್ಕೃತಿಯಾಗಿಬಿಡುತ್ತದೆ.

ಮೊರ ಎಲ್ಲಿಂದ ತರುವುದು? ನನ್ನ ಹತ್ತಿರ ಒಂದಿತ್ತು. ಹಿಂದಿನ ವರ್ಷ ಗೌರಿ ಹಬ್ಬಕ್ಕೆ ಅಟ್ಲಾಂಟಾದ ಗೆಳತಿಯೊಬ್ಬರು ಬಾಗಿನ ಕೊಟ್ಟಿದ್ದ ಮೊರ. ಎರಡು ಕೈಯಗಲ, ಮೈತುಂಬ ಅರಿಶಿನ, ನಡುವೆ ಕುಂಕುಮದ ಬೊಟ್ಟು. ಅದು ಪೂಜೆಗೆ, ಕೊಟ್ಟು ತೆಗೆದುಕೊಳ್ಳುವುದಕ್ಕೆ ಮಾಡಿದ್ದು. ಅದನ್ನೇ ಒರೆಸಿ, ರೇಷ್ಮೆ ಸೀರೆ ಉಟ್ಟು ಹೊರಟೆ.

ಕಾರಿನಲ್ಲಿ ಮಗಳು ಕೇಳಿದಳು. “ಅಮ್ಮಾ, ನಿಂಗೆ ರಿಯಲಿ ಬರತ್ತಾ?”

“ನೋಡ್ತಾ ಇರು” ಎಂದೆ.

ಸ್ಕೂಲಿನ ಹಿಂದಿನ ಮೈದಾನ. ಚಳಿ ಕಳೆದು ಎಳೆ ಬಿಸಿಲು ಬಂದಿತ್ತು. ಟೀಚರಿನ ತಮ್ಮ ಮಾಡಿಕೊಟ್ಟ ಎತ್ತರದ ಮರದ ಒರಳಿನ ಸುತ್ತ ಇಪ್ಪತ್ತೈದು ಮಕ್ಕಳು. ಸರದಿಯ ಮೇಲೆ ಇಬ್ಬಿಬ್ಬರಾಗಿ ಒನಕೆ ಎತ್ತಿ ಭತ್ತ ಕುಟ್ಟಿದರು. ಇಬ್ಬರೂ ಒಟ್ಟಿಗೆ ಹಾಕಿ ಒನಕೆಗೆ ಒನಕೆ ತಾಗಿಸಿ ಬಿದ್ದು ಬಿದ್ದು ನಕ್ಕರು. ಅರ್ಧಕ್ಕರ್ಧ ನುಚ್ಚಾಗಿತ್ತು. ಆಮೇಲೆ ನನ್ನ ಸರದಿ.

ಮೊರದಲ್ಲಿ ಎರಡು ಬೊಗಸೆ ಹಾಕಿಕೊಂಡು ನಡುವೆ ನಿಂತೆ. ಇಂಡಿಯಾದ ಬಗ್ಗೆ ನಾಲ್ಕು ಮಾತಾಡಿದೆ, ಅಷ್ಟಕ್ಕೆ ಸುಮ್ಮನಾಗದೆ ಇನ್ನೂ ನಾಲ್ಕಾಡಿದೆ. ಆಮೇಲೆ ಜೋರಾಗಿ ಮೇಲಕ್ಕೆ ಹಾರಿಸಿದೆ. ಅಕ್ಕಿ ಹುಲ್ಲಿನ ಮೇಲೆ ಬಿತ್ತು. ಹೊಟ್ಟು ಪೂರ್ತಿಯಾಗಿ ನನ್ನ ಮುಖಕ್ಕೆ ಬಂತು, ಕಣ್ಣಿಗೆ, ಬಾಯಿಗೆ, ತಲೆಗೆ. ಬೆವರಿದ ಕೈಗೆ ಅರಿಶಿನ ಹತ್ತಿ ಕೆನ್ನೆ ಒರೆಸಿಕೊಂಡಾಗ ಅರ್ಧ ಮುಖ ಹಳದಿಯಾಯಿತು. ಮತ್ತೊಮ್ಮೆ ಹಾರಿಸಿದೆ. ಮತ್ತೆ ಅದೇ. ಮಕ್ಕಳ ನಗು ತಡೆಯಲಾರದೆ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಆಗ ನನ್ನ ಎಡಗಡೆಯಿಂದ ಒಂದು ಸಣ್ಣ ದನಿ. “ಹಾಗಲ್ಲ. ಎಸೆಯೋದಲ್ಲ. ಮಣಿಕಟ್ಟು ಮಾತ್ರ ಆಡಿಸಬೇಕು.”

ತಿರುಗಿ ನೋಡಿದೆ. ಒಂಬತ್ತು ವರ್ಷದ ಕಪ್ಪು ಹುಡುಗಿ, ಬಿಗಿಯಾಗಿ ಹೆಣೆದ ಎರಡು ಜಡೆ. ಯಾವತ್ತೂ ಬಾಯಿ ಬಿಡದ ಮಗು ಎಂದು ಮಗಳು ಹೇಳಿದ್ದವಳು. ನನಗೆ ಮೊದಲೇ ಮೈಯೆಲ್ಲ ಉರಿಯುತ್ತಿತ್ತು.

“ಹಾಗಾದರೆ ನೀನೇ ಮಾಡಮ್ಮ! ಬಾ, ಎಲ್ಲರ ಮುಂದೆ ಮಾಡಿ ತೋರಿಸು!” ಎಂದು ಮೊರವನ್ನು ಅವಳ ಕಡೆ ಒಡ್ಡಿದೆ. ದನಿ ಎಷ್ಟು ಕಟುವಾಗಿತ್ತೆಂದರೆ ಮಕ್ಕಳ ನಗು ನಿಂತಿತು.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನಿಂದ ಯಾರೋ, “ಅವಳ ಅಜ್ಜಿ ದ್ವೀಪದವಳು, ರಸ್ತೆ ಬದಿಯಲ್ಲಿ ಬುಟ್ಟಿ ಮಾರ್ತಾಳೆ” ಎಂದರು. ಇನ್ನೊಬ್ಬರು ಆ ಅಜ್ಜಿಯ ಮಾತಿನ ಧಾಟಿಯನ್ನು ಅಣಕಿಸಿದರು. ಅದಕ್ಕೆ ನಕ್ಕವರಲ್ಲಿ ಬಿಳಿಯ ಮಕ್ಕಳೂ ಇದ್ದರು, ಕಪ್ಪು ಮಕ್ಕಳೂ ಇದ್ದರು. “ನನಗೇನೂ ಗೊತ್ತಿಲ್ಲ” ಎಂದು ಹುಡುಗಿ ನೆಲ ನೋಡುತ್ತ ಹೇಳಿದಳು. ಅಷ್ಟು ಹೇಳಿ ಸಾಲಿನ ಕೊನೆಗೆ ಹೋಗಿ ನಿಂತುಬಿಟ್ಟಳು.

ಮಕ್ಕಳೆಲ್ಲ ಒಳಗೆ ಹೋದಮೇಲೆ ಟೀಚರು ನನ್ನ ಹತ್ತಿರ ಬಂದರು. ಕೋಪ ಮಾಡಿಕೊಂಡಿದ್ದರೆ ನಾನು ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ. ಆಕೆ ನನ್ನ ಸೆರಗಿನ ಮೇಲಿನ ಹೊಟ್ಟು ಕೊಡವುತ್ತ ಮೆಲ್ಲಗೆ ಹೇಳಿದರು.

“ಆ ಮಗು ಸ್ಕೂಲು ಶುರುವಾದಾಗಿನಿಂದ ತನ್ನ ಅಜ್ಜಿಯನ್ನು ಬಚ್ಚಿಡುತ್ತಿದೆ. ಅಜ್ಜಿ ಯಾರು, ಏನು ಮಾಡುತ್ತಾರೆ ಎಂದು ಒಂದು ಮಾತಿಲ್ಲ. ಆ ಬಾಯಿ ಒಂದು ದಿನ ತೆರೆಯಲಿ ಅಂತ ನಾನು ಕಾಯುತ್ತಿದ್ದೆ. ಈ ಇಡೀ ಕೆಲಸ ಶುರು ಮಾಡಿದ್ದೇ ಅದಕ್ಕೆ. ಇವತ್ತು ತೆರೆಯಿತು. ನೀವು ಮುಚ್ಚಿದಿರಿ.”

ಮನೆಗೆ ಬಂದು ಸ್ನಾನ ಮಾಡಿದೆ. ಹೊಟ್ಟು ಹೋಯಿತು, ಆ ಮಾತು ಹೋಗಲಿಲ್ಲ. ಒಂದು ವಾರದಲ್ಲಿ ಮಗಳು ಇನ್ನೊಂದು ಸುದ್ದಿ ತಂದಳು. ಆ ಹುಡುಗಿ ಅಕ್ಕಿಯ ಗುಂಪು ಬಿಟ್ಟು, ರಾಜ್ಯದ ಹೂವು, ಹಕ್ಕಿಗಳ ಪೋಸ್ಟರ್ ಮಾಡುವ ಗುಂಪಿಗೆ ಸೇರಿಕೊಂಡಿದ್ದಳು. ಏಪ್ರಿಲಿನಲ್ಲಿ ಇಡೀ ಊರು ಬರುವ ಇತಿಹಾಸದ ದಿನ. ಅವತ್ತು ಅಕ್ಕಿಯ ಮೇಜಿನ ಹಿಂದೆ ಆ ಹುಡುಗಿ ನಿಲ್ಲದಿದ್ದರೆ, ಟೀಚರಿನ ಲೆಕ್ಕದಲ್ಲಿ ಅಷ್ಟೂ ಭತ್ತ ಮಣ್ಣುಪಾಲು. ನನ್ನ ಲೆಕ್ಕದಲ್ಲೂ ಅಷ್ಟೇ.

ಆ ಶನಿವಾರ ಮಗಳನ್ನು ಕೂರಿಸಿಕೊಂಡು ಹೈವೇಯ ಕಡೆ ಹೊರಟೆ. ಅಲ್ಲಿ ರಸ್ತೆಯುದ್ದಕ್ಕೂ ಮರದ ಕಂಬ ನೆಟ್ಟು, ಹುಲ್ಲಿನ ಬುಟ್ಟಿಗಳನ್ನು ನೇತುಹಾಕಿ ಕಪ್ಪು ಹೆಂಗಸರು ಕೂತಿರುತ್ತಾರೆ. ಎರಡು ಕಡೆ ವಿಚಾರಿಸಿ ಮೂರನೆಯದರಲ್ಲಿ ಅಜ್ಜಿ ಸಿಕ್ಕರು. ಎಂಬತ್ತರ ಹತ್ತಿರದ ವಯಸ್ಸು, ಸಣ್ಣ ದೇಹ, ತಲೆಗೆ ಬಿಗಿದ ಬಟ್ಟೆ. ಬೆರಳುಗಳು ನಮ್ಮನ್ನು ನೋಡುತ್ತಲೇ ಹುಲ್ಲು ಸುತ್ತಿ ಹೊಲಿಯುತ್ತಿದ್ದವು.

ಆ ಕರಾವಳಿಯ ದ್ವೀಪಗಳಲ್ಲಿ ನೆಲೆಸಿದ ಕಪ್ಪು ಜನರ ಇಂಗ್ಲಿಷೇ ಬೇರೆ. ಅದಕ್ಕೆ ಅದರದ್ದೇ ಲಯ, ಅದರದ್ದೇ ಬಿಗಿ. ನನ್ನ ಕಿವಿಗೆ ಅದು ನಮ್ಮ ಮಂಡ್ಯದ ಹಳ್ಳಿ ಮಾತಿನ ಹಾಗೆ ಕೇಳಿಸಿತು, ಅದಕ್ಕೇ ಇಲ್ಲಿ ಹಾಗೆಯೇ ಬರೆಯುತ್ತೇನೆ.

“ಬುಟ್ಟಿ ಬೇಕಾ ತಾಯಿ?”

“ಇಲ್ಲ. ಕೇರೋದು ಕಲಿಸ್ತೀರಾ?” ಎಂದೆ. ನಡೆದದ್ದನ್ನು ಹೇಳಿದೆ. ಗಿರಣಿಯ ಬಡಾಯಿ, ಅರಿಶಿನದ ಮೊರ, ಮುಖದ ಮೇಲಿನ ಹೊಟ್ಟು. ನನ್ನ ಮಗಳು ಆ ಹಾರಿಸುವ ಭಂಗಿಯನ್ನು ಮಾಡಿಯೂ ತೋರಿಸಿದಳು. ಅಜ್ಜಿ ಹೊಲಿಗೆ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊಮ್ಮಗಳ ವಿಷಯ ಮಾತ್ರ ನಾನು ಎತ್ತಲಿಲ್ಲ. ಅಜ್ಜಿಯೇ ಎತ್ತಿದರು.

“ನನ್ ಮೊಮ್ಮಗಳ್ದೂ ಅದೇ ಇಸ್ಕೂಲು. ಒಂದ್ ದಿನ ನಾನೂ ಬತ್ತೀನಿ ಅಂದೆ. ಹೊರಗಿನೋರ್ನ ಒಳಿಕ್ಕೆ ಬಿಡಾಕಿಲ್ವಂತೆ, ಅಲ್ವಾ? ರೂಲಂತೆ.”

ಮಗಳು ಬಾಯಿ ತೆರೆದಳು. ನಾನು ಅವಳ ಕೈ ಅದುಮಿದೆ. ಆ ಮಗು ಎಂಥ ಸುಳ್ಳು ಹೇಳಿತ್ತೋ, ಆ ಸುಳ್ಳನ್ನು ಈ ಜೀವ ಎಷ್ಟು ಸುಲಭವಾಗಿ ನಂಬಿತ್ತೋ! ನನ್ನ ಮಗಳೂ ನನ್ನ ಸೀರೆ, ನನ್ನ ಇಂಗ್ಲಿಷು ನೋಡಿ ನಾಚುತ್ತಿದ್ದಳು, ನನಗದು ಗೊತ್ತಿತ್ತು. ನಾಳೆ ನನಗೂ ಯಾವುದಾದರೂ ರೂಲು ಹೇಳಬಹುದು ಅನ್ನಿಸಿತು.

“ಗೊತ್ತಿಲ್ಲಜ್ಜಿ, ವಿಚಾರಿಸ್ತೀನಿ” ಎಂದೆ. ಜೀವನದಲ್ಲಿ ಅಷ್ಟು ಕಡಿಮೆ ಮಾತು ನಾನು ಯಾವತ್ತೂ ಆಡಿರಲಿಲ್ಲ.

ಅಜ್ಜಿ ಒಳಗಿನಿಂದ ತಮ್ಮ ಮೊರ ತೆಗೆದರು. ದುಂಡಗೆ, ಅಗಲಕ್ಕೆ, ಅಂಚು ಒಂದಿಷ್ಟು ಎತ್ತಿದ್ದು. ಗಟ್ಟಿ ಜೊಂಡನ್ನು ಸುರುಳಿ ಸುತ್ತಿ ಹೊಲಿದದ್ದು. ಅವರ ಅಮ್ಮ ಹೊಲಿದ ಮೊರವಂತೆ. ಅವರು ಹುಡುಗಿಯಾಗಿದ್ದಾಗ ದ್ವೀಪದಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಊಟಕ್ಕೆಂದು ಒಂದಿಷ್ಟು ಭತ್ತ ಹಾಕುತ್ತಿದ್ದರು. ಬೆಳಗ್ಗೆ ಎದ್ದು ಕುಟ್ಟಿ ಕೇರಿದರೆ ಮಧ್ಯಾಹ್ನಕ್ಕೆ ಅನ್ನ. ಆ ಮೊರವನ್ನು ಮಾರುತ್ತೀರಾ ಎಂದು ಎಷ್ಟೋ ಜನ ಕೇಳಿದ್ದರಂತೆ. ಇದು ಬುಟ್ಟಿಯಲ್ಲ, ಕೆಲಸದ್ದು ಎಂದು ಕಳಿಸಿಬಿಡುತ್ತಿದ್ದರು.

ಟೀಚರಿನಿಂದ ಒಂದು ಚೀಲ ಕುಟ್ಟಿದ ಭತ್ತ ಇಸಕೊಂಡು ಬಂದೆ. ಮುಂದಿನ ಶನಿವಾರದಿಂದ ನನ್ನ ಪಾಠ ಶುರುವಾಯಿತು.

“ಗಾಳಿಗೆ ಎದುರಾಗಿ ಯಾಕ್ ನಿಂತಿದೀಯವ್ವ, ಅಡ್ಡಕ್ ನಿಂತ್ಕೊ! ಹಂಗ್ ಬೀಸ್ಬ್ಯಾಡ. ಅಕ್ಕಿ ನಿನ್ ವೈರಿನಾ? ಮೆತ್ತಗೆ ಏಳ್ಸು, ಅದೇ ಬಂದ್ ಕೂತ್ಕತದೆ.”

ಮೊದಲ ದಿನ ಅರ್ಧ ಅಕ್ಕಿ ಹೈವೇ ಪಾಲಾಯಿತು. ಎರಡನೇ ವಾರ ತೋಳು ಎತ್ತಲಾಗದಷ್ಟು ನೋವು. ಗಂಡ ಎಣ್ಣೆ ಹಚ್ಚುತ್ತ, “ಮೂರು ತಲೆಮಾರಿನ ಭತ್ತದವರಿಗೆ ಹೀಗಾ?” ಎಂದು ಕಾಲೆಳೆದರು. ನಾನು ಬೈಯಲೂ ಇಲ್ಲ. ಆ ನೋವಿನಲ್ಲಿ ನಮ್ಮ ಗಿರಣಿಯ ಹೆಂಗಸರ ತೋಳುಗಳ ನೆನಪಾಗುತ್ತಿತ್ತು. ಅವರು ಸಂಜೆ ಹೊತ್ತು ಭುಜ ಒತ್ತಿಕೊಳ್ಳುತ್ತ ಹೋಗುತ್ತಿದ್ದದ್ದನ್ನು ನಾನು ಕಂಡಿದ್ದೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

ಮೂರನೇ ಶನಿವಾರ ನಾನು ಕೇರುತ್ತಿದ್ದಾಗ ಒಂದು ಕಾರು ಬಂದು ನಿಂತಿತು. ಹೋಟೆಲಿನ ಕೆಲಸಕ್ಕೆ ಹೊರಟಿದ್ದ ತಾಯಿ ಮಗಳನ್ನು ಇಳಿಸಿ ಹೋದರು. ಇಳಿದವಳು ಅದೇ ಹುಡುಗಿ. ನನ್ನನ್ನು, ನನ್ನ ಮಗಳನ್ನು ನೋಡಿ ಕಂಬದ ಪಕ್ಕದಲ್ಲಿ ಕಲ್ಲಾಗಿ ನಿಂತಳು. ತನ್ನ ಗುಟ್ಟು ರಟ್ಟಾಯಿತೆಂಬ ಭಯ ಅವಳ ಕಣ್ಣಲ್ಲಿ ಕಾಣುತ್ತಿತ್ತು.

ಏನಾದರೂ ಸಮಾಧಾನದ ಮಾತಾಡಬೇಕೆಂದುಕೊಂಡೆ. ಅಷ್ಟರಲ್ಲಿ ಅಜ್ಜಿಯ ದನಿ ಮೇಲೆದ್ದಿತು. “ಅಯ್ಯೋ, ಮತ್ ಚೆಲ್ಲಿದ್ಳಲ್ಲಪ್ಪ! ಡಾಕ್ಟ್ರು ಹೆಂಡ್ತಿ ಅಂತೆ, ಕೈಗ್ ಬುದ್ಧಿನೇ ಇಲ್ಲ. ಇನ್ನೊಂದ್ಸಲ!”

“ಸರಿ ಅಜ್ಜಿ” ಎಂದು ಬಗ್ಗಿ, ಚೆಲ್ಲಿದ್ದನ್ನು ಒಂದೊಂದೇ ಕಾಳಾಗಿ ಹೆಕ್ಕಿದೆ.

ಅವತ್ತು ಮೈದಾನದಲ್ಲಿ ರೇಷ್ಮೆ ಸೀರೆ ಉಟ್ಟು ಭಾಷಣ ಬಿಗಿದಿದ್ದ ಹೆಂಗಸು ತನ್ನ ಅಜ್ಜಿಯ ಕಾಲ ಬಳಿ ಅಕ್ಕಿ ಹೆಕ್ಕುತ್ತಿದ್ದಾಳೆ, ಬೈಸಿಕೊಳ್ಳುತ್ತಿದ್ದಾಳೆ, ತಿರುಗಿ ಮಾತಾಡುತ್ತಿಲ್ಲ. ಹುಡುಗಿ ಬಹಳ ಹೊತ್ತು ನೋಡಿದಳು. ನನ್ನ ಮಗಳು ಅವಳ ಹತ್ತಿರ ಸರಿದು ಪಿಸುಗುಟ್ಟಿದಳು. “ಮೂರು ವಾರ ಆಯ್ತು, ನಮ್ಮಮ್ಮಂಗೆ ಇನ್ನೂ ಬಂದಿಲ್ಲ. ನಿಮ್ಮಜ್ಜಿ ಎಷ್ಟು ಚೆನ್ನಾಗಿ ಮಾಡ್ತಾರೆ!”

ಹುಡುಗಿಯ ತುಟಿಯ ಒಂದು ಕೊನೆ ಎದ್ದಿತು. ಬಂದು ನನ್ನ ಎದುರು ನಿಂತಳು.

“ಮ್ಯಾಮ್, ನೀವು ತೋಳು ಆಡಿಸ್ತಾ ಇದ್ದೀರಿ. ಕೊಡಿ.”

ಈ ಸಲ ನಾನು ಮೊರವನ್ನು ಎರಡೂ ಕೈಯಲ್ಲಿ ಕೊಟ್ಟೆ. “ಅವತ್ತು ನಾನು ನಿನ್ನ ಮೇಲೆ ರೇಗಿದ್ದು ತಪ್ಪು. ನೀನು ಹೇಳಿದ್ದು ಸರಿಯಾಗಿತ್ತು” ಎಂದೆ. ಮಕ್ಕಳಿಗೆ ಕ್ಷಮೆ ಕೇಳುವ ವಾಡಿಕೆ ನಮ್ಮ ಮನೆಯಲ್ಲಿ ಇರಲಿಲ್ಲ. ಮಗಳು ಬೆರಗಾಗಿ ನನ್ನ ಮುಖ ನೋಡಿದಳು.

ಹುಡುಗಿ ಗಾಳಿಗೆ ಅಡ್ಡ ನಿಂತಳು. ಅಕ್ಕಿ ಒಂದು ಗೇಣು ಮೇಲೆದ್ದು, ತಾನೇ ತಾನಾಗಿ ಹಿಂದಕ್ಕೆ ಬಂದು ಕೂತಿತು. ಹೊಟ್ಟು ಮಾತ್ರ ಪಕ್ಕಕ್ಕೆ ತೇಲಿಹೋಯಿತು. ಶ್ರೂ ಶ್ರೂ ಎನ್ನುವ ಆ ಸದ್ದು, ನಾನು ಗಿರಣಿಯ ಅಂಗಳದಲ್ಲಿ ಕೇಳಿ ಬೆಳೆದ ಅದೇ ಸದ್ದು, ಒಂಬತ್ತು ವರ್ಷದ ಕೈಗಳಿಂದ ಬರುತ್ತಿತ್ತು. ನಾಲ್ಕೇ ಸಲಕ್ಕೆ ಮೊರದಲ್ಲಿ ಬರೀ ಅಕ್ಕಿ ಉಳಿಯಿತು. ನನ್ನ ಮಗಳು ಚಪ್ಪಾಳೆ ತಟ್ಟಿ ಕುಣಿದಳು. ನಾನೂ ತಟ್ಟಿದೆ. ಹಾದುಹೋಗುತ್ತಿದ್ದ ಲಾರಿಯವನೊಬ್ಬ ಹಾರ್ನ್ ಹೊಡೆದ.

“ಹಂಗೆ! ನಮ್ಮವ್ವನ ಕೈ ಹಂಗೇ ಆಡ್ತಿತ್ತು” ಎಂದರು ಅಜ್ಜಿ.

ಹುಡುಗಿ ಮೊರ ಕೆಳಗಿಡಲಿಲ್ಲ. ಅದರ ಅಂಚನ್ನೇ ಹಿಡಿದುಕೊಂಡು, ಅಕ್ಕಿಯನ್ನೇ ನೋಡುತ್ತ ಹೇಳಿದಳು. “ಅಜ್ಜಿ, ಈಗ ಬಿಡ್ತಾರೆ.”

“ಏನು ಬಿಡ್ತಾರೆ?”

“ಸ್ಕೂಲಿಗೆ. ಹೊರಗಿನೋರನ್ನ. ರೂಲ್ ಚೇಂಜ್ ಆಯ್ತು. ನೀವು ಬರಬೇಕು.”

ಅಜ್ಜಿ ಮೊಮ್ಮಗಳನ್ನು ಒಂದು ಕ್ಷಣ ನೋಡಿದರು. ಅವರಿಗೆ ಎಷ್ಟು ಗೊತ್ತಿತ್ತೋ, ಯಾವತ್ತಿನಿಂದ ಗೊತ್ತಿತ್ತೋ, ನಾನು ಕೇಳಲಿಲ್ಲ. “ಹಂಗಾದ್ರೆ ಚರ್ಚಿನ್ ಹ್ಯಾಟು ತೊಳಿಬೇಕು” ಎಂದಷ್ಟೇ ಹೇಳಿ ಹೊಲಿಗೆಗೆ ಕೂತರು.

ಇತಿಹಾಸದ ದಿನ ಸ್ಕೂಲಿನ ಜಿಮ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಮೀನುದಾರರ ಬೆಣ್ಣೆ ಬಣ್ಣದ ಕಂಬಗಳ ದೊಡ್ಡಮನೆಯ ರಟ್ಟಿನ ಮಾದರಿ, ಅಂತರ್ಯುದ್ಧದ ಕಾಲದ ಬಾವುಟ, ಹೂವು ಹಕ್ಕಿಗಳ ಪೋಸ್ಟರು, ಎಲ್ಲ ಇದ್ದವು. ಜನ ಮಾತ್ರ ಹೊರಗಿನ ಮೈದಾನದ ಕಡೆ ಜಾರುತ್ತಿದ್ದರು. ಅಲ್ಲಿ ಒನಕೆಯ ಸದ್ದು ಕೇಳುತ್ತಿತ್ತು. ಆ ಎರಡು ತಿಂಗಳಲ್ಲಿ ಮಕ್ಕಳ ಕೈ ಪಳಗಿತ್ತು. ಒಬ್ಬರದು ಏಳುವಾಗ ಇನ್ನೊಬ್ಬರದು ಬೀಳಬೇಕು. ಧಕ್, ಧಕ್, ಧಕ್, ಒಂದೂ ತಪ್ಪುತ್ತಿರಲಿಲ್ಲ. ಜಿಮ್‌ನ ಹೊರಗೋಡೆಗೆ ಮಕ್ಕಳೇ ಬರೆದ ದೊಡ್ಡ ನಕ್ಷೆ. ಆಫ್ರಿಕಾದ ಕರಾವಳಿಯಿಂದ ನಮ್ಮೂರ ನದಿಯವರೆಗೆ ಒಂದು ಗೆರೆ, ಆ ಗೆರೆಯ ಉದ್ದಕ್ಕೂ ಅಂಟಿಸಿದ ಭತ್ತದ ಕಾಳು. ಅದರ ಪಕ್ಕದಲ್ಲಿ ನಿಂತು ಏರಿ, ತೂಬುಗಳ ವಿಷಯವನ್ನು ಹೇಳುತ್ತಿದ್ದವರಲ್ಲಿ ಅಜ್ಜಿಯ ಮಾತನ್ನು ಅಣಕಿಸಿದ್ದವರೂ ಇದ್ದರು. ಈಗ ಅವರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ.

ನಡುವೆ ಕುರ್ಚಿಯ ಮೇಲೆ ಅಜ್ಜಿ. ಚರ್ಚಿಗೆ ಹೋಗುವ ನೇರಳೆ ಉಡುಪು, ನೇರಳೆ ಹ್ಯಾಟು. ಅವರ ಪಕ್ಕದಲ್ಲಿ ಮೊರ ಹಿಡಿದ ಹುಡುಗಿ. ಬಂದವರಿಗೆಲ್ಲ ಅವಳು ಮೊದಲು ಹೇಳುತ್ತಿದ್ದದ್ದು ಒಂದೇ. “ಇವರು ನಮ್ಮಜ್ಜಿ. ನನಗೆ ಇವರು ಕಲಿಸಿದ್ದು. ಇವರಿಗೆ ಇವರಮ್ಮ ಕಲಿಸಿದ್ದು.” ಎಷ್ಟು ಜೋರಾಗಿ ಹೇಳುತ್ತಿದ್ದಳೆಂದರೆ ಅನ್ನದ ಪಾತ್ರೆಯ ಹತ್ತಿರ ನಿಂತಿದ್ದ ನನಗೂ ಕೇಳಿಸುತ್ತಿತ್ತು. ಟೀಚರು ನನ್ನ ಪಕ್ಕದಲ್ಲೇ ಇದ್ದರು. ಕನ್ನಡಕ ತೆಗೆದು ಒರೆಸುತ್ತಿದ್ದರು, ಹಾಕಿಕೊಳ್ಳುತ್ತಿದ್ದರು, ಮತ್ತೆ ತೆಗೆಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಬಿಳಿಯ ಹಿರಿಯರು ಬಂದರು. ತಿಳಿ ಬಣ್ಣದ ಸೂಟು, ಬೋ ಟೈ, ಒಣಹುಲ್ಲಿನ ಹ್ಯಾಟು. ಊರಿನಲ್ಲಿ ದೊಡ್ಡ ಮನುಷ್ಯರೆಂದು ಜನ ದಾರಿ ಬಿಟ್ಟದ್ದರಲ್ಲೇ ಗೊತ್ತಾಯಿತು. ಒಂದು ಹಿಡಿ ಅಕ್ಕಿ ತೆಗೆದು ಮೂಸಿ ನೋಡಿ, ಸಂತೋಷದಿಂದ ಹುಡುಗಿಗೆ ಹೇಳಿದರು.

“ಗೊತ್ತಾ ಮಗು, ನಮ್ಮ ಮನೆತನದವರು ಈ ನದಿಯ ದಂಡೆಯಲ್ಲಿ ನಾಲ್ಕು ತಲೆಮಾರು ಭತ್ತ ಬೆಳೆದರು.”

ನನ್ನ ಮುಖ ಬಿಸಿಯಾಯಿತು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನನ್ನ ಮಾತಿನಲ್ಲೂ ಇರಲಿಲ್ಲ.

ಹುಡುಗಿ ಕತ್ತೆತ್ತಿ ಅವರನ್ನು ನೋಡಿದಳು. ಹೆದರಲಿಲ್ಲ, ಸಿಡುಕಲೂ ಇಲ್ಲ. ಮೊರದಲ್ಲಿ ಎರಡು ಬೊಗಸೆ ಹಾಕಿ ಅವರ ಮುಂದೆ ಹಿಡಿದಳು.

“ಹಾಗಾದರೆ ನಿಮಗೆ ಬರುತ್ತೆ ಅಲ್ವಾ ಸರ್? ತೋರಿಸಿ.”

ಟೀಚರಿನ ಕೈ ನನ್ನ ತೋಳನ್ನು ಹಿಡಿಯಿತು. ಹಿರಿಯರು ಮೊರ ನೋಡಿದರು, ಹುಡುಗಿಯನ್ನು ನೋಡಿದರು, ತಮ್ಮ ಎರಡು ಕೈಗಳನ್ನು ನೋಡಿಕೊಂಡರು.

“ಇಲ್ಲ ಮಗು, ನನಗೆ ಬರುವುದಿಲ್ಲ” ಎಂದರು. ಆಮೇಲೆ, “ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ” ಎಂದರು.

“ನಮಗೆ ಬರುತ್ತೆ” ಎಂದಳು ಹುಡುಗಿ. “ಕಲೀತೀರಾ?”

ಅವರು ಹೂಂ ಎಂದು ತಲೆಯಾಡಿಸಿದರು. ಅಜ್ಜಿ ಕುರ್ಚಿಯಿಂದ ಎದ್ದು, ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಅಂಗೈ ಎತ್ತಿ ನೋಡಿದರು.

“ಈ ಕಡಿಕ್ ತಿರುಕ್ಕೊಳಪ್ಪ. ಆ ಹ್ಯಾಟ್ ತೆಗ್ದು ಮಡುಗು, ಹೊಟ್ಟು ಕೂರ್ತದೆ.”

ಹಿರಿಯರು ಹ್ಯಾಟು ತೆಗೆದರು. ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು. ಹುಡುಗಿ ಅದನ್ನು ಇಸಕೊಂಡು, ತನ್ನ ಎರಡು ಜಡೆಗಳ ಮೇಲೆ ಇಟ್ಟುಕೊಂಡು, ಮೊರವನ್ನು ಅವರ ಕೈಗೆ ಕೊಟ್ಟಳು.